ಅಂಟು

ನನ್ನ ಪಾಠದಲ್ಲಿ ಮಕ್ಕಳು ನಗೋ ಜಾಗ ಒಂದೇ ಒಂದು. ಅದೂ ನಾನು ಬೇಕು ಅಂತ ನಗಿಸಿದ್ದಲ್ಲ. ಮಳವಳ್ಳಿಯ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಹೇಳೋನು. ಪಿಯುಸಿಗೆ ಬರೋ ಮಕ್ಕಳಲ್ಲಿ ಅರ್ಧಕ್ಕರ್ಧ ಹತ್ತನೇ ಕ್ಲಾಸಿನ ತನಕ ಕನ್ನಡದಲ್ಲೇ ಓದಿದವರು. ಬೋರ್ಡಿನ ಮೇಲೆ ಕೆಮಿಕಲ್ ಬಾಂಡಿಂಗ್ ಅಂತ ಬರೆದರೆ ಸಬ್‌ರಿಜಿಸ್ಟ್ರಾರ್ ಆಫೀಸಿನ ಬಾಂಡ್ ಪೇಪರ್ ಜ್ಞಾಪಿಸಿಕೊಳ್ಳೋರೇ ಜಾಸ್ತಿ. ರಾಸಾಯನಿಕ ಬಂಧ ಅಂದರೆ ಪೊಲೀಸ್ ಸ್ಟೇಷನ್ನು. ಸಾಕಾಗಿ ಹೋಗಿ ಒಂದು ವರ್ಷ ನಮ್ಮ ಕಡೆ ಮಾತಿನಲ್ಲೇ ಹೇಳಿಬಿಟ್ಟೆ, ಪರಮಾಣುಗಳ ನಡುವೆ ಇರೋ ಅಂಟು ಕಣ್ರೋ ಅದು ಅಂತ. ಹಿಂದಿನ ಬೆಂಚಿನಿಂದ ಕಿಸಕ್ ಅಂತ ನಗು ಬಂತು.

ನಗೋದಕ್ಕೆ ಕಾರಣ ಇದೆ. ನಮ್ಮ ಹಳ್ಳಿಗಳಲ್ಲಿ ಅಂಟು ಅಂದರೆ ಬರೀ ಗೋಂದಲ್ಲ. ಮನೆತನದಲ್ಲಿ ಯಾರಾದರೂ ಸತ್ತರೆ ತಿಥಿ ಆಗೋ ತನಕ ಆ ಮನೆಯವರಿಗೆ ಇರೋ ಸೂತಕಕ್ಕೂ ಅಂಟು ಅಂತಲೇ ಅಂತಾರೆ. ಅಂಟು ಇದ್ದೋರು ದೇವರ ದೀಪ ಹಚ್ಚೋ ಹಾಗಿಲ್ಲ, ಒಗ್ಗರಣೆ ಹಾಕೋ ಹಾಗಿಲ್ಲ, ಹಬ್ಬ ಮಾಡೋ ಹಾಗಿಲ್ಲ. ಯಾರು ಸತ್ತರೆ ಯಾರಿಗೆ ಅಂಟು, ಯಾರು ಬರೀ ತಲೆಗೆ ನೀರು ಹಾಕ್ಕೊಂಡರೆ ಸಾಕು ಅನ್ನೋದನ್ನ ನಮ್ಮ ಹೆಂಗಸರು ಸೊಪ್ಪು ಸೋಸ್ತಾ ಕೂತಲ್ಲೇ ಹೇಳಿಬಿಡ್ತಾರೆ. ಹಾಗಾಗಿ ನಾನು ಹೈಡ್ರೋಜನ್ನಿಗೂ ಆಕ್ಸಿಜನ್ನಿಗೂ ಅಂಟು ಇದೆ ಅಂದರೆ, ಯಾರು ಸತ್ತರು ಸಾ ಅಂತ ಒಬ್ಬನಾದರೂ ಗೊಣಗೇ ಗೊಣಗ್ತಾನೆ. ನಿಮ್ಮ ತಾತ ಅನ್ನೋಕೆ ಬಾಯಿಗೆ ಬಂದಿರುತ್ತೆ. ನುಂಗಿಕೊಂಡು ಮುಂದಕ್ಕೆ ಹೋಗ್ತೀನಿ.

ನಗು ಸಹಿಸಿಕೋಬಹುದು. ನನಗೆ ತಡೆಯೋಕಾಗದೇ ಇರೋದು ಇನ್ನೊಂದು. ಪ್ರತಿ ವರ್ಷ, ಪ್ರತಿ ಟೆಸ್ಟಿನಲ್ಲಿ, ಈ ಮಕ್ಕಳು ಒಂದೇ ತಪ್ಪು ಬರೀತಾರೆ. ಬಂಧ ಮುರಿದರೆ ಶಕ್ತಿ ಬಿಡುಗಡೆ ಆಗುತ್ತದೆ. ಆಗಲ್ಲ! ಮುರಿಯೋಕೆ ಶಕ್ತಿ ಹಾಕಬೇಕು. ಎರಡು ಪರಮಾಣು ಕೂಡಿಕೊಂಡಾಗ ಶಾಖ ಹೊರಗೆ ಬರುತ್ತೆ, ಬೇರೆ ಮಾಡಬೇಕಾದರೆ ಅಷ್ಟೇ ಶಾಖ ಎಲ್ಲಿಂದಲಾದರೂ ತಂದು ಸುರೀಬೇಕು. ಸೌದೆ ಉರಿದರೆ ಬಿಸಿ ಬರಲ್ವಾ ಸಾ ಅಂತ ಕೇಳ್ತಾರೆ. ಬರುತ್ತೆ, ಸೌದೆ ಒಳಗಿನದು ಮುರಿದಿದ್ದಕ್ಕಲ್ಲ, ಮುರಿದದ್ದು ಗಾಳಿಯಲ್ಲಿರೋ ಆಕ್ಸಿಜನ್ ಜೊತೆ ಇನ್ನೂ ಗಟ್ಟಿಯಾಗಿ ಕೂಡಿಕೊಂಡಿದ್ದಕ್ಕೆ. ಎಷ್ಟು ಸಲ ಬಡ್ಕೊಂಡರೂ ಮುಂದಿನ ಟೆಸ್ಟಿನಲ್ಲಿ ಅದೇ. ತಪ್ಪು ಎಲ್ಲಿಂದ ಬರುತ್ತೆ ಅಂತಲೂ ನನಗೆ ಗೊತ್ತು. ಗಂಡ ಹೆಂಡತಿ ಹೊಂದಿಕೊಳ್ಳದೇ ಇದ್ದಾಗ ಯಜಮಾನರು ಕೂತು ಬೇರೆ ಮಾಡಿ ಕಳಿಸೋದಕ್ಕೆ ನಮ್ಮ ಕಡೆ ಬಿಡುಗಡೆ ಅಂತಾರೆ. ಬಿಡುಗಡೆ ಆಯ್ತು ಅಂದರೆ ಹಗುರಾಯ್ತು, ಏನೋ ಒಂದು ಸಿಕ್ಕಿತು ಅಂತಲೇ ಎಲ್ಲರ ತಲೇಲೂ ಕೂತಿದೆ. ಮಕ್ಕಳು ಮನೇಲಿ ಕೇಳಿದ್ದನ್ನ ಪೇಪರಿನಲ್ಲಿ ಬರೀತಾರೆ.

ಈ ತಪ್ಪು ತೆಗೆಯೋಕೆ ನಾನು ಕ್ಲಾಸಿಗೆ ಯೂರಿಯಾ ತಗೊಂಡು ಹೋಗ್ತೀನಿ. ಗದ್ದೆಗೆ ಹಾಕೋ ಯೂರಿಯಾನೇ. ಸ್ಟೀಲ್ ಲೋಟದಲ್ಲಿ ನೀರು, ಅದಕ್ಕೆ ಎರಡು ಹಿಡಿ ಯೂರಿಯಾ, ಚಮಚದಲ್ಲಿ ತಿರುವಿ ಮುಂದಿನ ಬೆಂಚಿನವರ ಕೈಗೆ ಕೊಡೋದು. ಲೋಟ ತಣ್ಣಗಾಗ್ತಾ ಹೋಗುತ್ತೆ, ಹೊರಗೆಲ್ಲ ಬೆವರು ಕಟ್ಟುತ್ತೆ. ಹರಳಿನೊಳಗೆ ಒಂದಕ್ಕೊಂದು ಹಿಡ್ಕೊಂಡು ಕೂತಿದ್ದ ಕಣಗಳನ್ನ ಬಿಡಿಸೋಕೆ ಶಾಖ ಬೇಕಲ್ಲ, ಅದನ್ನ ನೀರಿಂದ ಕಿತ್ಕೊಳ್ಳುತ್ತೆ, ಲೋಟದಿಂದ ಕಿತ್ಕೊಳ್ಳುತ್ತೆ, ನಿನ್ನ ಕೈಯಿಂದಲೂ ಕಿತ್ಕೊಳ್ಳುತ್ತೆ. ಬಿಟ್ಟು ಬಂದ ಕಣ ನೀರಿನ ಜೊತೆ ಹೊಸದಾಗಿ ಸೇರಿಕೊಂಡಾಗ ಸ್ವಲ್ಪ ವಾಪಸ್ ಬರುತ್ತೆ, ಇಲ್ಲ ಅಂತಲ್ಲ. ಆದರೆ ಹೋದದ್ದಕ್ಕೆ ಸಾಟಿ ಆಗಲ್ಲ. ಹಾಗಾಗಿ ತಣ್ಣಗೆ.

ಇದನ್ನ ನಾನು ಪುಸ್ತಕದಿಂದ ಕಲಿತದ್ದಲ್ಲ. ನನ್ನ ತಂಗಿಯ ಗದ್ದೆ ಬದುವಿನ ಮೇಲೆ ಕಂಡದ್ದು.

ತಂಗಿಯನ್ನ ಕೊಟ್ಟಿದ್ದು ಬೆಸಗರಹಳ್ಳಿ ಪಕ್ಕದ ಒಂದು ಊರಿಗೆ. ನಮ್ಮೂರು ಚಿಕ್ಕರಸಿನಕೆರೆ ಕಡೆ. ಒಂದು ಭಾನುವಾರ ಅವಳನ್ನ ನೋಡಿ ಬರೋಣ ಅಂತ ಹೋದೆ, ಮನೆ ಬೀಗ ಹಾಕಿತ್ತು, ಗದ್ದೆ ಹತ್ರ ಹೋದೆ. ಗಂಡ ಹೆಂಡತಿ ಇಬ್ಬರೂ ಪೈರಿಗೆ ಹೊಡೆಯೋಕೆ ಡ್ರಮ್ಮಿನಲ್ಲಿ ಯೂರಿಯಾ ಕರಗಿಸ್ತಾ ಇದ್ದರು. ಅವನು ತಿರುವೋಕೆ ಕೋಲು ಹುಡುಕ್ತಾ ಇದ್ದ. ಇವಳು ಕಾಯೋ ಪೈಕಿಯಲ್ಲ, ಮೊಣಕೈ ತನಕ ಕೈ ಇಳಿಬಿಟ್ಟು ತಿರುವಿಯೇಬಿಟ್ಟಳು. ಆಮೇಲೆ ಆ ಕೊರೆಯೋ ಕೈ ತಂದು ಹಿಂದಿನಿಂದ ಅವನ ಕತ್ತಿಗೆ ಒತ್ತಿದಳು. ಅವನು ಅವ್ವಾ ಅಂತ ಕೂಗಿಕೊಂಡು ಬದುವಿಂದ ಕೆಸರಿಗೆ ಹಾರಿದ. ನನ್ನನ್ನ ನೋಡಿ ಇಬ್ಬರೂ ನಾಚಿಕೊಂಡರು. ಮದುವೆಯಾಗಿ ಎಷ್ಟೋ ವರ್ಷ ಆಗಿತ್ತು ಆಗಲೇ.

ಅವರಿಗೆ ಮಕ್ಕಳಾಗಲಿಲ್ಲ. ಮಂಡ್ಯ ಆಯ್ತು, ಮೈಸೂರು ಆಯ್ತು, ತೋರಿಸಿದ ಕಡೆಯೆಲ್ಲ ತೋರಿಸಿದ್ದಾಯ್ತು. ಅವಳ ಅತ್ತೆ ಮೊದಮೊದಲು ಹರಕೆ ಹೊತ್ತರು, ಆಮೇಲೆ ಮಾತು ಬಿಟ್ಟರು, ಆಮೇಲೆ ಮಗನಿಗೆ ಬೇರೆ ಹೆಣ್ಣು ನೋಡೋಕೆ ಶುರು ಮಾಡಿದರು. ಅವನು ಕೆಟ್ಟವನಾಗಿದ್ದರೆ ನನಗೆ ಸಲೀಸಾಗಿರೋದು, ಹೋಗಿ ನಾಲ್ಕು ಬಿಟ್ಟು ಬರ್ತಿದ್ದೆ. ಕೆಟ್ಟವನಲ್ಲ. ತಾಯಿ ಎದುರಿಗೆ ಬಾಯಿ ಬಿಡೋಕೆ ಆಗದೇ ಇರೋ ಗಂಡಸು, ಅಷ್ಟೆ. ಅಂಥವರಿಂದ ಆಗೋ ಅನಾಹುತ ಕೆಟ್ಟವರಿಂದಲೂ ಆಗಲ್ಲ ಅಂತ ನನಗೆ ಈಗಲೂ ಸಿಟ್ಟಿದೆ.

ಬಿಡುಗಡೆ ಮಾಡಿಸೋದು ಅಂತ ಎರಡೂ ಕಡೆಯವರು ಒಪ್ಪಿಕೊಂಡರು. ಎರಡೂ ಕಡೆ ಅಂದರೆ ಎರಡೂ ಕಡೆ ಗಂಡಸರು. ನಮ್ಮ ಕಡೆ ಯಜಮಾನಿಕೆ ನಮ್ಮ ದೊಡ್ಡಪ್ಪನದು. ಕೋರ್ಟಿನದು ಆಮೇಲೆ ನೋಡ್ಕೊಳ್ಳೋಣ, ಮೊದಲು ಊರ ಮುಂದೆ ಆಗಬೇಕು ಅಂದರು. ಅವಳ ಅತ್ತೆ ಮನೆ ಪಡಸಾಲೆಯಲ್ಲಿ ಚಾಪೆ ಹಾಸಿ ಕೂತೆವು. ತಂಗಿ ಬಾಗಿಲ ಪಕ್ಕ ನಿಂತಿದ್ದಳು. ಮೊದಲು ಪಾತ್ರೆ ಪಗಡ ತಂದು ಮಧ್ಯೆ ಸುರಿದರು. ನಿಂದ್ಯಾವುದು ತೆಗೆದುಕೊಳ್ಳವ್ವ ಅಂದರು ದೊಡ್ಡಪ್ಪ.

ನಮ್ಮಪ್ಪನ ಹೆಸರು ಕೊರೆಸಿದ್ದ ಕೊಳದಪ್ಪಲೆ, ಎರಡು ತಟ್ಟೆ, ಒಂದು ತಂಬಿಗೆ, ಇವನ್ನ ಎತ್ತಿ ಪಕ್ಕಕ್ಕಿಟ್ಟಳು. ಆಮೇಲೆ ಕೂತುಬಿಟ್ಟಳು. ಉಳಿದದ್ದೆಲ್ಲ ಇಬ್ಬರೂ ಸೇರಿ ತಂದದ್ದು. ಮದ್ದೂರು ಸಂತೇಲಿ ತಗೊಂಡ ಕುಕ್ಕರು, ಕಬ್ಬು ಕಡಿದ ವರ್ಷ ತಂದ ಹಂಡೆ, ಅವಳು ಚೀಟಿ ಕಟ್ಟಿ ತಂದದ್ದು, ಅವನು ಡೈರಿಗೆ ಹಾಲು ಹಾಕಿ ತಂದದ್ದು. ದೊಡ್ಡಪ್ಪ ಇನ್ನೊಂದು ಸಲ ಕೇಳಿದರು. ಅವಳು ನನ್ನ ಕಡೆ ತಿರುಗಿ, ನನಗೆ ಗೊತ್ತಾಗ್ತಿಲ್ಲ ಅಣ್ಣ, ಯಾವುದು ಯಾರದು ಅಂತ ಗೊತ್ತಾಗ್ತಿಲ್ಲ ಅಂದಳು. ಆಗ ನನಗೆ ಕ್ಲಾಸು ಜ್ಞಾಪಕ ಬಂತು ಅಂದರೆ ಯಾರೂ ನಂಬಲ್ಲ, ಆದರೆ ಬಂತು. ಎರಡು ಪರಮಾಣು ಒಂದೊಂದು ಎಲೆಕ್ಟ್ರಾನ್ ತಂದು ನಡುವೆ ಇಟ್ಟ ಮೇಲೆ ಯಾವುದು ಯಾರು ತಂದದ್ದು ಅಂತ ಆ ದೇವರಿಗೂ ಹೇಳೋಕಾಗಲ್ಲ, ಎಲೆಕ್ಟ್ರಾನಿನ ಮೇಲೆ ಹೆಸರು ಕೊರೆಸಿರಲ್ಲ ಅಂತ ನಾನೇ ಎಷ್ಟು ವರ್ಷದಿಂದ ಹೇಳ್ತಾ ಬಂದಿದ್ದೆ. ಕೊನೆಗೆ ಅವಳ ಅತ್ತೆಯೇ ಎದ್ದು ಬಂದು ಅರ್ಧಕ್ಕರ್ಧ ಅಂತ ಪಾತ್ರೆ ಎಣಿಸಿ ಎರಡು ಗುಡ್ಡೆ ಮಾಡಿದರು.

ಆಮೇಲೆ ತಾಳಿ. ಅವಳೇ ಬಿಚ್ಚಿ, ವೀಳ್ಯದೆಲೆ ಇಟ್ಟ ತಟ್ಟೆಗೆ ಹಾಕಿದಳು. ಅವನು ತಲೆ ಎತ್ತಲಿಲ್ಲ. ದೊಡ್ಡಪ್ಪ ಎದ್ದು ನಿಂತು, ಹಿಂದಿನಿಂದ ಹೇಳ್ಕೊಂಡು ಬಂದ ಮಾತನ್ನ ಇಬ್ಬರಿಗೂ ಕೇಳೋ ಹಾಗೆ ಹೇಳಿದರು.

“ಇವತ್ತಿಂದ ಈ ಮನೆ ಸಾವು ನೋವು ನಿಂಗಿಲ್ಲ. ನಿನ್ನ ಸಾವು ನೋವು ಈ ಮನೆಗಿಲ್ಲ. ಅಂಟಿಲ್ಲ, ನಂಟಿಲ್ಲ. ಒಪ್ಪಿದ್ದೀಯೇನವ್ವ?”

ಅವಳು ತಲೆ ಆಡಿಸಿದಳು. ಅವನೂ ಆಡಿಸಿದ. ಎಲ್ಲರೂ ಕಾಫಿ ಕುಡಿದರು. ನಾನೂ ಕುಡಿದೆ.

ಬೆಸಗರಹಳ್ಳಿಯಿಂದ ಮದ್ದೂರಿಗೆ ಬಸ್ಸಿನಲ್ಲಿ ಬಂದೆವು. ಬಿರು ಬೇಸಿಗೆ, ಜನ ಪೇಪರಿನಲ್ಲಿ ಗಾಳಿ ಬೀಸಿಕೊಳ್ತಾ ಇದ್ದರು. ಜೊತೆಯಲ್ಲಿದ್ದ ದೊಡ್ಡಪ್ಪ, ಒಳ್ಳೇದಾಯ್ತು ಬುಡು, ಇನ್ನು ಹಗುರಾಗಿರು ಅಂತ ಅವಳ ತಲೆ ಮೇಲೆ ಕೈಯಿಟ್ಟರು. ಅವಳು ನನ್ನ ಕಿವಿ ಹತ್ರ ಬಂದು ಕಿಟಕಿ ಹಾಕು ಅಣ್ಣ, ಚಳಿ ಆಗ್ತದೆ ಅಂದಳು. ಹಾಕಿದೆ. ಹಿಂದಿನ ಸೀಟಿನವನು ಸೆಕೆ ಕಣ್ರೀ ಅಂತ ಜಗಳಕ್ಕೆ ಬಂದ, ಅವನಿಗೆ ಸರಿಯಾಗಿ ಬೈದೆ.

ನಾನು ಸಂಸಾರ ಹೂಡಿರೋದು ಮದ್ದೂರಿನಲ್ಲಿ, ಆ ಮನೆಯಲ್ಲೇ ಅವಳು ಉಳಿದಳು. ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿಕೊಂಡಳು, ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ವ್ಯಾನ್ ಹತ್ತೋದು, ಸಾಯಂಕಾಲ ಇಳಿಯೋದು. ನನ್ನ ಹೆಂಡತಿ ಕೆಟ್ಟವಳಲ್ಲ. ಮನೇಲಿ ಇನ್ನೊಂದು ಹೆಂಗಸು ಬಂದರೆ ಅಡುಗೆಮನೇಲಿ ಡಬ್ಬಗಳ ಸದ್ದು ಸ್ವಲ್ಪ ಜೋರಾಗುತ್ತೆ, ಅಷ್ಟೇ. ತಂಗಿ ಕುಂಕುಮ ಇಡ್ತಿದ್ದಳು, ಗಾಜಿನ ಬಳೆ ಹಾಕ್ತಿದ್ದಳು, ಟೀವಿ ನೋಡಿ ನಗ್ತಿದ್ದಳು. ಆರು ತಿಂಗಳು ಕಳೀತಿದ್ದ ಹಾಗೆ ಅವನು ಇನ್ನೊಂದು ಮದುವೆ ಮಾಡ್ಕೊಂಡ. ಸುದ್ದಿ ಕೇಳಿ ಅವಳು ಒಳ್ಳೇದಾಗಲಿ ಅಂದಳು. ಹೊಂದಿಕೊಂಡಳು ಅಂತ ನಾವೆಲ್ಲ ಅಂದುಕೊಂಡೆವು. ಒಂದು ಸಲ ಮಾತ್ರ, ನಾನು ಕ್ಲಾಸಿಗೆ ಅಂತ ಪೊಟ್ಟಣದಲ್ಲಿ ಕಟ್ಟಿಟ್ಟಿದ್ದ ಯೂರಿಯಾ ಅವಳ ಕಣ್ಣಿಗೆ ಬಿತ್ತು. ಬಿಚ್ಚಿ ನೋಡಿ, ಮತ್ತೆ ಹಾಗೇ ಮಡಚಿಟ್ಟಳು.

ಹೋದ ವರ್ಷ ಯುಗಾದಿಗೆ ಇನ್ನೇನು ಎರಡು ದಿನ ಇತ್ತು. ಸ್ಟಾಫ್ ರೂಮಿನಲ್ಲಿ ಕೂತಿದ್ದಾಗ ದೊಡ್ಡಪ್ಪನ ಫೋನು. ತಂಗಿ ಗಂಡನಾಗಿದ್ದವನಿಗೆ ಕಾಮಾಲೆ ಆಗಿ ಮಂಡ್ಯದ ಆಸ್ಪತ್ರೆಗೆ ಸೇರಿಸಿದ್ದರಂತೆ. ನಮಗೆ ಗೊತ್ತೇ ಇರಲಿಲ್ಲ. ಬೆಳಿಗ್ಗೆ ತೀರಿಕೊಂಡ ಅಂದರು. ನಿಧಾನಕ್ಕೆ ಹೇಳು, ಆದರೆ ಅಲ್ಲಿಗೆ ಕರ್ಕೊಂಡು ಬರಬೇಡ, ಆ ಹೊಸ ಹುಡುಗಿ ಎಳೆ ಮಗು ಇಟ್ಕೊಂಡು ಕೂತಿದ್ದಾಳೆ, ಇವಳು ಯಾವ ಲೆಕ್ಕದಲ್ಲಿ ಬರ್ತಾಳೆ ಅಂದರು. ಮಗು ಆಗಿದ್ದು ಕೂಡ ನನಗೆ ಆಗಲೇ ಗೊತ್ತಾಗಿದ್ದು.

ರಜ ಬರೆದು ಕೊಟ್ಟು ಮನೆಗೆ ಬಂದೆ. ತಂಗಿ ಹಬ್ಬಕ್ಕೆ ಅಂತ ಕೆಲಸಕ್ಕೆ ಹೋಗಿರಲಿಲ್ಲ. ಅವಳೂ ನನ್ನ ಹೆಂಡತಿಯೂ ಅಡುಗೆಮನೆ ಅಟ್ಟದ ಮೇಲಿನ ಪಾತ್ರೆಯೆಲ್ಲ ಇಳಿಸಿ ಬೆಳಗ್ತಾ ಇದ್ದರು. ಒಬ್ಬಟ್ಟಿಗೆ ಬೇಳೆ, ಬೆಲ್ಲ ಎಲ್ಲ ತಂದಾಗಿತ್ತು. ಈ ಹೊತ್ತಿನಲ್ಲಿ ನಾನು ಬಂದದ್ದು ನೋಡಿ ಇಬ್ಬರೂ ಕೈ ನಿಲ್ಲಿಸಿದರು. ನಿಧಾನಕ್ಕೆ ಹೇಳೋದು ನನಗೆ ಬರಲ್ಲ. ಹೇಳಿಬಿಟ್ಟೆ.

ಅವಳು ಅಳಲಿಲ್ಲ. ಕೈಯಲ್ಲಿದ್ದ ತಂಬಿಗೆಯನ್ನ ತೊಳೆದು, ಬೋರಲು ಹಾಕಿದಳು. ಯಾವಾಗ, ಎಲ್ಲಿ ಅಂತ ಕೇಳಿದಳು. ಹೇಳಿದೆ. ನಾನು ಸ್ಕೂಟರ್ ಕೀ ಕೈಯಲ್ಲೇ ಹಿಡಿದಿದ್ದೆ. ದೊಡ್ಡಪ್ಪ ಏನಾದರೂ ಅಂದುಕೊಳ್ಳಲಿ, ನಡಿ, ಮುಖ ನೋಡ್ಕೊಂಡು ಬರೋಣ, ಯಾವನು ಅಡ್ಡ ಬರ್ತಾನೋ ನೋಡ್ತೀನಿ ಅಂದೆ. ಬೇಡ ಅಂದಳು. ಹೋದರೆ ಆ ಹುಡುಗಿ ಎಲ್ಲಿ ಕೂರಬೇಕು, ನಾನು ಎಲ್ಲಿ ಕೂರಬೇಕು, ಅಷ್ಟು ಜನದ ಮುಂದೆ ಅವಳನ್ನ ಯಾಕೆ ಎಬ್ಬಿಸಲಿ ಅಂದಳು. ನನಗೆ ಇದ್ದಕ್ಕಿದ್ದ ಹಾಗೆ ಅವಳ ಮೇಲೇ ಸಿಟ್ಟು ಬಂತು, ಇಷ್ಟೊಂದು ಒಳ್ಳೆಯವಳಾಗಿ ಏನು ಕಡಿದು ಕಟ್ಟೆ ಹಾಕಿದೆ ಅಂತ ಕೇಳಬೇಕು ಅನ್ನಿಸಿತು. ಸ್ಕೂಟರ್ ಕೀಯನ್ನ ಮೊಳೆಗೆ ಹಾಕಿದೆ.

ಅವಳು ಎದ್ದು ನನ್ನ ಎದುರಿಗೆ ಬಂದು ನಿಂತಳು.

“ನಂಗೆ ಅಂಟು ಬತ್ತದಾ ಅಣ್ಣ?”

ಬೆಳಗಿದ ಪಾತ್ರೆಗಳು ಬಿಸಿಲಿಗೆ ಒಣಗ್ತಾ ಇದ್ದವು. ಬರಲ್ಲ ಅಂತ ನನಗೂ ಗೊತ್ತು, ಅವಳಿಗೂ ಗೊತ್ತು, ಯಜಮಾನರ ಮುಂದೆ ತಲೆ ಆಡಿಸಿದ್ದಾಳೆ. ಬರದೇ ಇದ್ದರೆ ಅವಳು ವಾಪಸ್ ಹೋಗಿ ಪಾತ್ರೆ ಬೆಳಗಬೇಕು. ಸಾಯಂಕಾಲ ದೇವರಿಗೆ ದೀಪ ಹಚ್ಚಬೇಕು. ನಾಡಿದ್ದು ಹೊಸ ಸೀರೆ ಉಟ್ಟು, ಬೇವು ಬೆಲ್ಲ ತಿಂದು, ಒಬ್ಬಟ್ಟು ತಟ್ಟಬೇಕು. ಅವನು ಸತ್ತದ್ದು ಪೇಪರಿನಲ್ಲಿ ಯಾರೋ ಸತ್ತ ಹಾಗೆ. ಬಂದರೆ, ನಮ್ಮ ಮನೇಲೇ ಇರೋಳು, ನಮ್ಮ ಒಲೇಲೇ ಬೇಯಿಸೋಳು, ಮನೆಗೆ ಮನೆಯೇ ಹಬ್ಬ ಬಿಡಬೇಕು. ನನ್ನ ಹೆಂಡತಿ ನನ್ನ ಮುಖವನ್ನೇ ನೋಡ್ತಾ ಇದ್ದಳು. ಬಿಡುಗಡೆ ಆಗಿದೆಯಲ್ಲ, ಇವಳಿಗೆಂಥ ಅಂಟು ಅಂತ ಅವಳ ಬಾಯಿಂದ ಬಂದೇಬಿಡುತ್ತೆ ಅಂದುಕೊಂಡೆ.

“ಬತ್ತದೆ ಕಣವ್ವ,” ಅಂದೆ.

ತಂಗಿ ಸೀದಾ ಬಚ್ಚಲಿಗೆ ಹೋದಳು. ಹಂಡೆಯಲ್ಲಿ ಬಿಸಿನೀರಿತ್ತು. ಅದನ್ನ ಮುಟ್ಟದೆ ನಲ್ಲಿ ನೀರನ್ನೇ ತಲೆಗೆ ಸುರಿದುಕೊಂಡದ್ದು ನಮಗೆ ಕೇಳಿಸ್ತು. ಆಮೇಲೆ ಅವಳ ಅಳು ಕೇಳಿಸ್ತು. ತಟ್ಟೆಗೆ ತಾಳಿ ಹಾಕಿದ ದಿನದಿಂದ ಅವಳು ಒಂದು ಸಲವೂ ಅತ್ತಿರಲಿಲ್ಲ. ಅಳೋಕೆ ಅವಳಿಗೊಂದು ಹಕ್ಕು ಬೇಕಾಗಿತ್ತು ಅಂತ ಕಾಣುತ್ತೆ. ನನ್ನ ಹೆಂಡತಿ ಒಬ್ಬಟ್ಟಿನ ಬೇಳೆಯನ್ನ ಡಬ್ಬಕ್ಕೆ ಸುರಿದು ಮುಚ್ಚಳ ಹಾಕಿದಳು. ಬೆಲ್ಲವನ್ನ ಮೇಲಿನ ಗೂಡಿಗೆ ಎತ್ತಿಟ್ಟಳು.

ಆ ಯುಗಾದಿ ನಮ್ಮ ಮನೇಲಿ ಆಗಲಿಲ್ಲ. ಬಾಗಿಲಿಗೆ ತೋರಣ ಇಲ್ಲದ್ದು ಕಂಡು ಬೀದಿಯವರು ಕೇಳಿದರು, ಅಂಟು ಅಂದೆವು. ದೊಡ್ಡಪ್ಪನಿಗೆ ಸುದ್ದಿ ಮುಟ್ಟಿ ಫೋನ್ ಮಾಡಿ ಬೈದರು. ಊರ ಮುಂದೆ ಕಡಿದದ್ದನ್ನ ನೀನು ಯಾರೋ ಮತ್ತೆ ಅಂಟಿಸೋಕೆ ಅಂತ ಕೇಳಿದರು. ನಾನು ಅಂಟಿಸಲಿಲ್ಲ, ನೀವು ಕಡಿದಿರಿ ಅಂದ್ಕೊಂಡಿರಿ, ಅದು ಕಡಿದಿರಲಿಲ್ಲ ಅಂದೆ. ದೊಡ್ಡವರು ಅಂತಲೂ ನೋಡದೆ ಫೋನ್ ಇಟ್ಟುಬಿಟ್ಟೆ. ಹಬ್ಬ ಕಳೆದು ಕಾಲೇಜಿಗೆ ಹೋದಾಗ ಜೊತೆಯ ಮೇಷ್ಟ್ರೊಬ್ಬರು ಯಾರು ತೀರಿಕೊಂಡಿದ್ದು ಅಂತ ವಿಚಾರಿಸಿದರು. ತಂಗಿ ಗಂಡ ಅಂದೆ. ಮುಂಚಿನ ಗಂಡ, ಬಿಟ್ಟ ಗಂಡ ಅಂತ ಏನೂ ಸೇರಿಸಲಿಲ್ಲ.

ಅಷ್ಟೂ ದಿನ ನಮ್ಮ ಮನೇಲಿ ಒಗ್ಗರಣೆ ಇಲ್ಲದ ಸಾರು. ಅವಳು ಕೆಲಸಕ್ಕೆ ಹೋಗಿ ಬರ್ತಿದ್ದಳು, ಕುಂಕುಮ ಇಡ್ತಿರಲಿಲ್ಲ, ಒಂದು ಮೂಲೇಲಿ ಚಾಪೆ ಹಾಸ್ಕೊಂಡು ಮಲಗ್ತಿದ್ದಳು. ಅಲ್ಲಿ ಆ ಊರಿನಲ್ಲಿ ತಿಥಿ ನಡೆದ ದಿನ ಇಲ್ಲಿ ಇವಳು ಬೆಳಿಗ್ಗೆಯೇ ಎದ್ದು ಮನೆಯೆಲ್ಲ ತೊಳೆದಳು, ತಲೆಗೆ ನೀರು ಹಾಕ್ಕೊಂಡಳು. ಅವಳ ನಂತರ ನಾನು ಬಚ್ಚಲಿಗೆ ಹೋದಾಗ ಸೋಪಿನ ಪೆಟ್ಟಿಗೆ ಪಕ್ಕ ಅವಳ ಗಾಜಿನ ಬಳೆ ಇದ್ದವು. ಒಡೆದಿರಲಿಲ್ಲ. ಒಂದರ ಮೇಲೊಂದು ಜೋಡಿಸಿಟ್ಟಿದ್ದಳು.

ಹೊರಗೆ ಬಂದರೆ ದೇವರ ಗೂಡಿನ ಮುಂದೆ ಕಡ್ಡಿಪೆಟ್ಟಿಗೆ ಹಿಡ್ಕೊಂಡು ನಿಂತಿದ್ದಾಳೆ. ದೀಪಕ್ಕೆ ಎಣ್ಣೆ ಹಾಕಿದ್ದಾಳೆ, ಬತ್ತಿ ಹಾಕಿದ್ದಾಳೆ, ಹಚ್ಚಿಲ್ಲ. ಕಡ್ಡಿ ಗೀರೋಕೆ ಹೋಗಿ ಎರಡು ಸಲ ಕೆಳಗೆ ಬೀಳಿಸಿದಳು. ನಾನು ಹತ್ರ ಹೋಗಿ ಪೆಟ್ಟಿಗೆ ಇಸ್ಕೊಂಡಾಗ ಅವಳ ಬೆರಳು ತಾಗಿದವು, ಆ ಬಿಸಿಲುಗಾಲದಲ್ಲಿ ಕೊರೀತಾ ಇದ್ದವು.

ಇವತ್ತಿಗೆ ಅಂಟು ಕಳೀತಲ್ವಾ ಅಣ್ಣ ಅಂತ ಕೇಳಿದಳು. ತಿಥಿ ಆಯ್ತಲ್ಲವ್ವ, ಕಳೀತು ಅಂದೆ.

ಅವಳು ಆ ಬರಿಗೈಯನ್ನ ತಿರುಗಿಸಿ ನೋಡ್ಕೊಂಡಳು.

“ಕಳೀತು ಅಂತೀಯ. ಬುಡ್ತಾ ಇಲ್ವಲ್ಲಣ್ಣ ಅದು.”